ಸಾಕವ್ವ, ಗುಲ್ನಬಿ, ಪುಟ್ಟಕ್ಕ

ಕನ್ನಡ ಚಿತ್ರವೊಂದರಲ್ಲಿ ಅಭಿನಯಿಸಿ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ಪಡೆದವರು ಮೂವರು. 1973ರ ‘ಕಾಡು’ ಚಿತ್ರಕ್ಕಾಗಿ ನಂದಿನಿ ಭಕ್ತವತ್ಸಲ, 2004ರ ಸಾಲಿನಲ್ಲಿ ‘ಹಸೀನಾ’ಕ್ಕಾಗಿ ತಾರಾ, 2008ರ ಸಾಲಿನಲ್ಲಿ ‘ಗುಲಾಬಿ ಟಾಕೀಸ್’ಗಾಗಿ ಉಮಾಶ್ರೀ. ಈ ಮೂವರಲ್ಲಿ ಕೊನೆಯ ಇಬ್ಬರಿಗೂ ಪ್ರಶಸ್ತಿ ತಂದುಕೊಟ್ಟದ್ದು ಬಡ ಮುಸ್ಲಿಂ ಹೆಂಗಸಿನ ಪಾತ್ರ. ಎರಡು ಚಿತ್ರಗಳ ನಿರ್ದೇಶಕರೂ ಗಿರೀಶ ಕಾಸರವಳ್ಳಿ. ಎರಡರಲ್ಲೂ ಹೆಂಗಸನ್ನು ಗಂಡ ಕೈಬಿಟ್ಟಿದ್ದಾನೆ. ಇದನ್ನು ಕಾಕತಾಳೀಯವೆಂದು ಬದಿಗಿಡಬಹುದು. ನಾವು ಹಾಗೆ ಬದಿಗಿಡಲಾರೆವು. ಕಥೆ ಬರೆಯುವವರಾಗಿ, ಅದಕ್ಕಿಂತ ಹೆಚ್ಚಾಗಿ ಅಂಥ ಹೆಂಗಸರ ನಡುವೆಯೇ ಬೆಳೆದವರಾಗಿ, ಈ ಪಾತ್ರಗಳನ್ನು ಕೊಂಚ ಹತ್ತಿರದಿಂದ ನೋಡುವ ಹಕ್ಕೂ ಹೊಣೆಯೂ ನಮ್ಮ ಮೇಲಿದೆ.

ಈ ಬರಹಕ್ಕೆ ಉಮಾಶ್ರೀಯವರನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಅವರು ನಮ್ಮ ಜಿಲ್ಲೆಯವರು. 1957ರಲ್ಲಿ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ ಹುಟ್ಟಿದವರು. ನಮ್ಮದು ಅದೇ ತುಮಕೂರು ಜಿಲ್ಲೆಯ ಇನ್ನೊಂದು ತುದಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಶಿಕ್ಷಣ ಇಲಾಖೆ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಬೇರೆಯೇ ಮಾಡಿದೆ. ತಿಪಟೂರಿನ ಕಡೆ ತೆಂಗಿನ ತೋಟ, ನಮ್ಮ ಕಡೆ ಕಲ್ಲುಬೆಟ್ಟ, ಒಣ ಕೆರೆ, ಕಡಲೆಕಾಯಿ ಹೊಲ. ಅವರ ಕನ್ನಡಕ್ಕೂ ನಮ್ಮ ಕನ್ನಡಕ್ಕೂ ರಾಗದ ವ್ಯತ್ಯಾಸವಿದೆ. ಪಾವಗಡದಲ್ಲಿ ಕನ್ನಡಕ್ಕೆ ತೆಲುಗು ಬೆರೆತಿದೆ, ಶಿರಾದ ಮೊಹಲ್ಲಾಗಳಲ್ಲಿ ದಖ್ಖನಿ ಉರ್ದು ಬೆರೆತಿದೆ. ಮೊಗಲರ ಕಾಲದಲ್ಲಿ ಸುಬಾ ಕೇಂದ್ರವಾಗಿದ್ದ ಊರು ಶಿರಾ. ಆ ವೈಭವದಲ್ಲಿ ಉಳಿದಿರುವುದು ಜುಮ್ಮಾ ಮಸೀದಿ, ಮಲಿಕ್ ರಿಹಾನ್ ದರ್ಗಾ ಮತ್ತು ನಮ್ಮ ನಾಲಗೆಯ ಮೇಲಿನ ಭಾಷೆ.

ಈ ಊರುಗಳ ಹೆಂಗಸರಿಗೆ ಸಿನಿಮಾ ತಲುಪಿದ ಬಗೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಟೆಂಟಿನಲ್ಲಿ ಹೆಂಗಸರ ಕಡೆ ಬೇರೆ, ಗಂಡಸರ ಕಡೆ ಬೇರೆ. ನೆಲದ ಮೇಲೆ ಮರಳು, ಮಧ್ಯೆ ಗಿಡ್ಡ ಗೋಡೆ. ಮದುವೆಯಾಗದ ಹುಡುಗಿಯರಿಗೆ ಹಿಂದಿ ಚಿತ್ರಕ್ಕೂ ಅನುಮತಿ ಕಷ್ಟ. ಮದುವೆಯಾದವರಿಗೆ ಅತ್ತೆ ಜೊತೆಗಿದ್ದರೆ ಸರಿ. ಪಾವಗಡದವರು ಹಿಂದೂಪುರಕ್ಕೆ ಹೋಗಿ ತೆಲುಗು ಚಿತ್ರ ನೋಡುತ್ತಿದ್ದರು. ನಟಿ ಎಂಬ ಮಾತು ನಮ್ಮ ಮನೆಗಳಲ್ಲಿ ಬೈಗುಳಕ್ಕೆ ಹತ್ತಿರದ್ದು. ಆದರೆ ಅದೇ ಮನೆಯ ಹೆಂಗಸರು ಬೀಡಿಯ ಎಲೆ ಕತ್ತರಿಸುತ್ತಾ ನಟಿಯರ ಬಗ್ಗೆ ಆಡುತ್ತಿದ್ದ ಮಾತುಗಳಲ್ಲಿ ತಿರಸ್ಕಾರಕ್ಕಿಂತ ಬೆರಗೇ ಹೆಚ್ಚಾಗಿತ್ತು. ಗಂಡಸರಿಲ್ಲದ ವೇಳೆಯ ಮಾತು ಬೇರೆಯೇ ಅಲ್ಲವೇ?

ಮುಸ್ಲಿಂ ಹೆಣ್ಣುಮಕ್ಕಳು ರಂಗಕ್ಕೆ ಬಂದೇ ಇಲ್ಲ ಎಂದೇನಲ್ಲ. ಬೀಳಗಿಯ ಗೋಹರಬಾಯಿ ಕರ್ನಾಟಕಿ ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿ ಮಿಂಚಿದರು. ಅವರ ಸೋದರಿ ಅಮೀರಬಾಯಿ ಹಿಂದಿ ಚಿತ್ರಗಳಲ್ಲಿ ಹಾಡಿ ಮನೆಮಾತಾದರು. ಅದು ಉತ್ತರದ ಕಥೆ. ನಮ್ಮ ಜಿಲ್ಲೆಯಲ್ಲಿ 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿ, ಕನ್ನಡ ರಂಗಭೂಮಿಗೆ, ಸಿನಿಮಾಕ್ಕೆ ಒಂದು ಸೇನೆಯನ್ನೇ ಕೊಟ್ಟರೂ ನಮ್ಮ ಮೊಹಲ್ಲಾಗಳ ಹೆಣ್ಣುಮಕ್ಕಳು ಅದನ್ನು ದೂರದಿಂದ ನೋಡಿದವರೇ.

ಉಮಾಶ್ರೀಯವರ ಬಾಳಿನ ಮೊದಲ ಭಾಗವನ್ನು ಅವರೇ ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಎಳೆಯ ವಯಸ್ಸಿನಲ್ಲೇ ತಂದೆತಾಯಿಯ ಆಸರೆ ತಪ್ಪಿತು; ಬಡತನ ಬೆನ್ನಿಗಿತ್ತು; ಮಾಡಿಕೊಂಡ ಮದುವೆ ಉಳಿಯಲಿಲ್ಲ; ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಿದರು. ಇಷ್ಟು ಸಾಕು. ನಟಿಯರ ಬಾಳನ್ನು ಕೆದಕಿ ಕಣ್ಣೀರು ಹಿಂಡುವ ಪತ್ರಿಕೆಗಳು ಬೇಕಾದಷ್ಟಿವೆ. ನಮಗೆ ಮುಖ್ಯವಾದದ್ದು, ಹೊಟ್ಟೆಪಾಡಿಗೆ ರಂಗ ಹತ್ತಿದ ಈ ಹೆಂಗಸು ರಂಗದ ಮೇಲೆ ಮಾಡಿದ್ದೇನು ಎಂಬುದು.

ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಸಾಕವ್ವ ಆದವರು ಉಮಾಶ್ರೀ. ಕಾಣೆಯಾದ ಹುಂಜವನ್ನು ಹುಡುಕುತ್ತ ಊರೆಲ್ಲ ಸುತ್ತುವ ಮುದುಕಿ. ತುಂಬಿದ ಸಂಸಾರ, ಖಾಲಿ ಮಡಕೆ. ಸಾಹುಕಾರನ ಕಡಲೆಕಾಯಿ ರಾತ್ರಿ ಮನೆಗೆ ಬರುತ್ತದೆ, ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕುಳಿತು ಸುಲಿದು ಸುಲಿದು ತಿನ್ನುತ್ತಾರೆ, ಬೆಳಗಾದರೆ ಪೊಲೀಸರು. ಕನ್ನಡದಲ್ಲಿ ಹಸಿವಿನ ಬಗ್ಗೆ ಬರೆದ ಪುಟಗಳು ಅನೇಕ ಇವೆ. ಹಸಿದವರ ಸಂಭ್ರಮದ ಬಗ್ಗೆ ಬರೆದದ್ದು ಇದೊಂದು. ಅದು ಮೈಸೂರು ಸೀಮೆಯ ದಲಿತ ಕೇರಿಯ ಕಥೆ. ಆದರೆ ಪಾವಗಡ, ಮಧುಗಿರಿಯ ಕಡೆ ಕಡಲೆಕಾಯಿ ಬಿಡಿಸುವ ಕೂಲಿಗೆ ಹೋದವರಿಗೆ ಆ ರಾತ್ರಿಯನ್ನು ಯಾರೂ ಅರ್ಥ ಮಾಡಿಸಬೇಕಾಗಿಲ್ಲ. ಹೊಲದಲ್ಲಿ ಎಷ್ಟು ಬಾಯಿಗೆ ಹಾಕಿಕೊಂಡರೂ ಒಡೆಯ ನೋಡಬಾರದು, ಸೆರಗಿನಲ್ಲಿ ಕಟ್ಟಿಕೊಂಡು ಹೊರಟರೆ ತಡವಿ ನೋಡುತ್ತಾನೆ. ಈ ಲೆಕ್ಕ ಜಾತಿ ಧರ್ಮ ಯಾವುದಿದ್ದರೂ ಕೂಲಿಯವರಿಗೆ ಒಂದೇ.

ಸಾಕವ್ವನ ಪಾತ್ರ ಮಾಡುವಾಗ ಉಮಾಶ್ರೀಗೆ ಇನ್ನೂ ಎಳೆಯ ಪ್ರಾಯ. ಮುದುಕಿಯ ಬೆನ್ನು, ಮುದುಕಿಯ ಕೋಪ, ಮುದುಕಿಯ ಬಾಯಿ ಎಲ್ಲವನ್ನೂ ಮೈಗೆ ತಂದುಕೊಂಡರು. ಅವರನ್ನು ದೊಡ್ಡ ನಟಿ ಎಂದು ರಂಗಭೂಮಿಯವರು ಒಪ್ಪಿದ್ದು ಆಗ. ಇದನ್ನು ನೆನಪಿಟ್ಟುಕೊಳ್ಳಬೇಕು. ಏಕೆಂದರೆ ಸಿನಿಮಾ ಅವರನ್ನು ಬಳಸಿಕೊಂಡದ್ದು ಇದಕ್ಕೆ ಪೂರಾ ಬೇರೆಯಾದ ಕೆಲಸಕ್ಕೆ.

1984ರಲ್ಲಿ ಕಾಶಿನಾಥರ ‘ಅನುಭವ’ ಬಂತು. ಅಲ್ಲಿಂದ ಸುಮಾರು ಎರಡು ದಶಕ ಉಮಾಶ್ರೀ ಎಂದರೆ ಎರಡರ್ಥದ ಮಾತು, ಜಾರುವ ಸೆರಗು, ಎನ್.ಎಸ್. ರಾವ್ ಅವರಂಥ ಹಾಸ್ಯನಟರ ಜೊತೆಗಿನ ಜಗಳ. ನೂರಾರು ಚಿತ್ರಗಳು. ಕಥೆಗೆ ಸಂಬಂಧವಿಲ್ಲದ ಎರಡು ಮೂರು ದೃಶ್ಯಗಳಲ್ಲಿ ಬಂದು, ನಗಿಸಿ, ಹೋಗಬೇಕು. ಮರ್ಯಾದಸ್ಥರು ಮಕ್ಕಳ ಎದುರಿಗೆ ಮುಖ ತಿರುಗಿಸಿ, ಒಳಗೊಳಗೇ ನಕ್ಕರು.

ಇಲ್ಲಿ ನಮ್ಮ ಜಿಲ್ಲೆಯ ಇನ್ನೊಬ್ಬ ಕಲಾವಿದರನ್ನು ಪಕ್ಕದಲ್ಲಿಟ್ಟು ನೋಡೋಣ. ತಿಪಟೂರಿನವರೇ ಆದ ನರಸಿಂಹರಾಜು. ಅವರೂ ನಗಿಸಿದರು, ಅವರೂ ನಾಯಕನ ಬೆನ್ನಿಗೆ ನಿಂತು ಪೆಟ್ಟು ತಿಂದರು. ನಾಡು ಅವರನ್ನು ಹಾಸ್ಯ ಚಕ್ರವರ್ತಿ ಎಂದು ಕರೆಯಿತು. ಗಂಡಸು ನಗಿಸಿದರೆ ಚಕ್ರವರ್ತಿ. ಹೆಂಗಸು ನಗಿಸಿದರೆ ‘ಅಂಥವಳು’. ಉಮಾಶ್ರೀ ಆಡಿದ ಮಾತುಗಳನ್ನು ಬರೆದವರು ಗಂಡಸರು, ಚಿತ್ರಿಸಿದವರು ಗಂಡಸರು, ಶಿಳ್ಳೆ ಹೊಡೆದವರು ಗಂಡಸರು. ಕೆಟ್ಟ ಹೆಸರು ಮಾತ್ರ ನಟಿಗೆ. ಆ ಚಿತ್ರಗಳಲ್ಲಿ ಬಹುಪಾಲು ಕಸವೇ ಹೌದು. ಅದನ್ನು ಸಮರ್ಥಿಸುವ ಉದ್ದೇಶ ನಮಗಿಲ್ಲ. ಆದರೆ ಅಂಥ ಕಸದಲ್ಲೂ ಈ ನಟಿ ಕಲಿತ ಒಂದು ವಿದ್ಯೆಯಿದೆ. ನಗು ಯಾವ ಗಳಿಗೆಯಲ್ಲಿ ಹುಟ್ಟುತ್ತದೆ, ಯಾವ ಗಳಿಗೆಯಲ್ಲಿ ಸಾಯುತ್ತದೆ ಎಂಬ ವಿದ್ಯೆ. ಅದು ಮುಂದೆ ಎಲ್ಲಿ ಕೆಲಸಕ್ಕೆ ಬಂತು ಎಂಬುದನ್ನು ಹೇಳುತ್ತೇವೆ.

ನಡುವೆ ಬೇರೆ ಪಾತ್ರಗಳೂ ಬಂದವು. ನಾಗತಿಹಳ್ಳಿ ಚಂದ್ರಶೇಖರರ ‘ಕೊಟ್ರೇಶಿ ಕನಸು’, ಯೋಗರಾಜ ಭಟ್ಟರ ‘ಮಣಿ’. 1995ರ ‘ಪುಟ್ನಂಜ’ದಲ್ಲಿ ಮೂವತ್ತೆಂಟರ ಪ್ರಾಯದಲ್ಲಿ ರವಿಚಂದ್ರನ್‌ಗೆ ಅಜ್ಜಿಯಾದರು. ನಮ್ಮ ಸೀಮೆಯ ಜನ ಅವರನ್ನು ಹೆಸರು ಹಿಡಿದು ಪ್ರೀತಿಸಲು ಶುರುಮಾಡಿದ್ದು ಆ ಅಜ್ಜಿಯಿಂದ ಎಂದೇ ನಮ್ಮ ಅನಿಸಿಕೆ. ನಾಯಕಿಯಾಗಲು ಬೇಕಾದ ಬಣ್ಣ, ಮೈಕಟ್ಟು ಇಲ್ಲವೆಂದು ಚಿತ್ರರಂಗ ತಳ್ಳಿಟ್ಟ ಹೆಂಗಸರಿಗೆ ಉಳಿಯುವುದು ಎರಡೇ ಬಾಗಿಲು. ಒಂದು ನಗೆಪಾಟಲು, ಇನ್ನೊಂದು ಮುಪ್ಪು. ಉಮಾಶ್ರೀ ಎರಡರಲ್ಲೂ ಹೊಕ್ಕು ಬಂದವರು.

ಇನ್ನು ‘ಗುಲಾಬಿ ಟಾಕೀಸ್’. ಇದರ ಮೂಲ ವೈದೇಹಿಯವರ ಕಥೆ. ಆ ಕಥೆಯಲ್ಲಿ ಸಣ್ಣ ಊರಿಗೆ ಟಾಕೀಸು ಬರುತ್ತದೆ, ಗುಲಾಬಿ ಹೆಂಗಸರ ಗೇಟು ಕಾಯುತ್ತಾಳೆ. ಅಲ್ಲಿನ ಗುಲಾಬಿ ಮುಸ್ಲಿಮಳಲ್ಲ. ಅವಳನ್ನು ಗುಲ್ನಬಿ ಮಾಡಿದ್ದು, ಕಾಲವನ್ನು 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ತಂದದ್ದು, ಟಾಕೀಸಿನ ಜಾಗದಲ್ಲಿ ಡಿಶ್ ಆಂಟೆನಾ ಇರುವ ಟಿ.ವಿ.ಯನ್ನು ಇಟ್ಟದ್ದು ಕಾಸರವಳ್ಳಿ. ಕುಂದಾಪುರದ ಕಡೆಯ ಮೀನುಗಾರರ ಕುದ್ರುವಿನಲ್ಲಿ ಗುಲಾಬಿ ಸೂಲಗಿತ್ತಿ. ಗಂಡ ಮೂಸಾ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ. ಇವಳಿಗೆ ಮಕ್ಕಳಿಲ್ಲ. ಸಿನಿಮಾದ ಹುಚ್ಚು ಮಾತ್ರ ವಿಪರೀತ. ಹೆರಿಗೆಯೊಂದನ್ನು ಮಾಡಿಸಿದ್ದಕ್ಕೆ ಪ್ರತಿಫಲವಾಗಿ ಆಕೆಯ ಗುಡಿಸಲಿಗೆ ಟಿ.ವಿ. ಬರುತ್ತದೆ. ಹಳ್ಳಿಯ ಹೆಂಗಸರು ಕೆಲವರು ಒಳಗೆ ಬಂದು ಕೂರುತ್ತಾರೆ, ಕೆಲವರು ಸಾಬರ ಮನೆಯೆಂದು ದೂರ ಉಳಿಯುತ್ತಾರೆ. ನೇತ್ರು ಎಂಬ ಸೊಸೆಯೊಬ್ಬಳು ಗುಲಾಬಿಗೆ ಹತ್ತಿರವಾಗುತ್ತಾಳೆ. ಒಂದು ದಿನ ಅವಳು ಕಾಣೆಯಾದಾಗ ಊರು ಬೊಟ್ಟು ಮಾಡುವುದು ಗುಲಾಬಿಯ ಕಡೆಗೆ. ದೂರದ ಯುದ್ಧ, ಹತ್ತಿರದ ಮೀನು ವ್ಯಾಪಾರದ ಪೈಪೋಟಿ ಎಲ್ಲ ಸೇರಿ ಅವಳ ಧರ್ಮವೇ ಅವಳ ಅಪರಾಧವಾಗುತ್ತದೆ.

ನಮ್ಮ ಕೆಲವು ಗೆಳೆಯರಿಗೆ ಈ ಚಿತ್ರದ ಬಗ್ಗೆ ತಕರಾರು ಇದೆ. ತೆರೆಯ ಮೇಲೆ ಮುಸ್ಲಿಂ ಹೆಂಗಸು ಬಂದರೆ ಸಾಕು, ಗಂಡ ಬಿಟ್ಟಿರುತ್ತಾನೆ, ಎರಡನೆಯವಳು ಇರುತ್ತಾಳೆ. ಇದನ್ನೇ ನೋಡಿ ದೆಹಲಿಯವರು ಪ್ರಶಸ್ತಿ ಕೊಡುತ್ತಾರೆ ಎಂಬುದು ಅವರ ಮಾತು. ತಕರಾರು ಪೊಳ್ಳಲ್ಲ. ಆದರೆ ‘ಹಸೀನಾ’ದ ಮೂಲ ಬಾನು ಮುಷ್ತಾಕ್ ಅವರ ‘ಕರಿನಾಗರಗಳು’ ಎಂಬುದನ್ನು ಮರೆಯಬಾರದು. ಮಸೀದಿಯ ಮುಂದೆ ನ್ಯಾಯ ಕೇಳಿ ಕುಳಿತ ಹೆಂಗಸನ್ನು, ಕಿವುಡಾದ ಮುತವಲ್ಲಿಯನ್ನು ಕಂಡು ಬರೆದವರು ನಮ್ಮೊಳಗಿನವರೇ. ಹಾಸನದಲ್ಲಿ ಕೂತು ಬರೆದ ಆ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಸಿಹಿ ಹಂಚಿದ ನಾವು, ಕಥೆಯೊಳಗಿನ ದೂರನ್ನು ಮಾತ್ರ ಹೊರಗಿನವರ ಕುತಂತ್ರ ಎನ್ನುವಂತಿಲ್ಲ. ಗಂಡ ಬಿಟ್ಟವರು, ಹೊಲಿಗೆ ಯಂತ್ರದ ಮೇಲೆ ಕತ್ತು ಬಗ್ಗಿಸಿ ಮಕ್ಕಳನ್ನು ಓದಿಸಿದವರು ಶಿರಾದಲ್ಲೂ ಇದ್ದಾರೆ, ಕೊರಟಗೆರೆಯಲ್ಲೂ ಇದ್ದಾರೆ. ಅವರನ್ನು ಖಾಲಾ ಎಂದೋ ಆಪಾ ಎಂದೋ ಕರೆದು ಬಟ್ಟೆ ಹೊಲಿಸಿಕೊಂಡವರು ನಾವೇ.

ಇಷ್ಟಾದರೂ ಗುಲಾಬಿಯನ್ನು ನೋಡುತ್ತಾ ಕೂತಾಗ ‘ಪಾಪ’ ಎನಿಸುವುದಿಲ್ಲ. ಚಿತ್ರದ ಗೆಲುವು ಇಲ್ಲಿದೆ, ಅದು ನಿರ್ದೇಶಕರಿಗಿಂತ ನಟಿಗೆ ಸೇರಬೇಕಾದದ್ದು ಎಂದು ನಮ್ಮ ತೀರ್ಮಾನ. ಬೇರೆ ಯಾವ ಗಂಭೀರ ನಟಿಯ ಕೈಗೆ ಸಿಕ್ಕಿದ್ದರೂ ಗುಲಾಬಿ ಕಣ್ಣೀರಿನ ಬೊಂಬೆಯಾಗುತ್ತಿದ್ದಳು. ಉಮಾಶ್ರೀಯ ಗುಲಾಬಿಗೆ ಆಸೆ ಇದೆ. ಸಿನಿಮಾ ಶುರುವಾಗುವ ಹೊತ್ತಿಗೆ ಅವಳ ಕಾಲುಗಳಿಗೆ ಬರುವ ಅವಸರ, ಪರದೆಯ ಮೇಲಿನ ಹಾಡಿಗೆ ಅರಳುವ ಮುಖ, ಟಿ.ವಿ. ಬಂದ ಮೇಲೆ ಮನೆಯೊಡತಿಯ ಗತ್ತು, ಚೌಕಾಸಿ, ಹುಸಿಮುನಿಸು, ಇವೆಲ್ಲ ಎಲ್ಲಿಂದ ಬಂದವು? ಎನ್.ಎಸ್. ರಾವ್ ಜೊತೆಗಿನ ಆ ನೂರಾರು ‘ಕಸದ’ ದೃಶ್ಯಗಳಿಂದ. ಮೈಯನ್ನು ಹೇಗೆ ಕುಣಿಸಬೇಕು, ಎಲ್ಲಿ ತಡೆಯಬೇಕು ಎಂದು ಗೊತ್ತಿದ್ದ ನಟಿ ಇಲ್ಲಿ ಅದನ್ನೇ ಅರ್ಧಕ್ಕೆ ತಡೆದಿದ್ದಾರೆ. ತಡೆದದ್ದರಿಂದಲೇ ಅದು ಬದುಕಿನ ರುಚಿಯಾಗಿ ಕಾಣುತ್ತದೆ. ಗಂಡ ಬಿಟ್ಟ ಹೆಂಗಸಿಗೆ ಬದುಕಿನಲ್ಲಿ ರುಚಿ ಇರಬಹುದು ಎಂಬುದನ್ನು ಒಪ್ಪುವುದು ನಮ್ಮ ಸಮಾಜಕ್ಕೆ ಎಷ್ಟು ಕಷ್ಟವೋ, ನಮ್ಮ ಬಗ್ಗೆ ಕನಿಕರ ತೋರುವವರಿಗೂ ಅಷ್ಟೇ ಕಷ್ಟ.

ಕನ್ನಡ ಸಿನಿಮಾದಲ್ಲಿ ಸಾಬಿ ಎಂದರೆ ಲುಂಗಿ, ಟೋಪಿ, ‘ಅರೇ ಭಾಯ್’, ಮುರುಕು ಕನ್ನಡ. ನಮ್ಮವರ ಕನ್ನಡ ಮುರುಕಲ್ಲ, ಬೇರೆ. ಗುಲಾಬಿಯ ಬಾಯಲ್ಲಿ ಸುತ್ತಲಿನ ಮೀನುಗಾರರ ಕುಂದಾಪುರದ ಕನ್ನಡವೇ ಇದೆ. ತುಮಕೂರು ಜಿಲ್ಲೆಯ ಹೆಂಗಸು ಆ ನುಡಿಯನ್ನು ಕಲಿತು ಆಡಿದ್ದು ಸಣ್ಣ ಸಾಧನೆಯಲ್ಲ. ಅದಕ್ಕಿಂತ ದೊಡ್ಡ ಮಾತು, ಆ ನುಡಿಯಿಂದಾಗಿ ಅವಳು ನೆಲಕ್ಕೆ ಸೇರಿದವಳಾಗುತ್ತಾಳೆ. ಹೀಗಾಗಿಯೇ ಅವಳನ್ನು ದೋಣಿ ಹತ್ತಿಸಿ ಕಳಿಸುವಾಗ ಎದೆ ಹಿಂಡುತ್ತದೆ. ಬೇರೆ ಮುಸಲ್ಮಾನರು ಊರು ಬಿಟ್ಟರೂ ಅವಳು ಬಿಡಲೊಲ್ಲಳು. ಯುವಕರು ಬಲವಂತದಿಂದ ಹೊರಡಿಸುತ್ತಾರೆ. ಅವಳು ಹೋಗುತ್ತಾಳೆ, ಟಿ.ವಿ. ಉಳಿಯುತ್ತದೆ. ಅವಳ ಮನೆಗೆ ಬಂದು ಟಿ.ವಿ. ನೋಡಲು ಕೂರುವ ಇಬ್ಬರು ಮುದುಕಿಯರಿಗೆ ನಡೆದದ್ದು ಏನೆಂದು ಪೂರ್ತಿ ತಿಳಿದೇ ಇಲ್ಲ.

ಪ್ರಶಸ್ತಿಯ ಕೆಲವೇ ವರ್ಷಗಳಲ್ಲಿ ಉಮಾಶ್ರೀ ರಾಜಕಾರಣದಲ್ಲಿ ಮುಳುಗಿದರು. 2013ರಲ್ಲಿ ನೇಕಾರರ ಸೀಮೆಯಾದ ತೇರದಾಳದಿಂದ ಗೆದ್ದು, 2018ರ ತನಕ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆಗಳ ಸಚಿವೆಯಾಗಿದ್ದರು. 2018ರಲ್ಲಿ ಸೋತರು, 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅವರ ಆಡಳಿತವನ್ನು ತೂಗುವುದು ಈ ಬರಹದ ಕೆಲಸವಲ್ಲ. ಕಡತಗಳ ನಡುವೆ ಕಳೆದ ಆ ಐದು ವರ್ಷದಲ್ಲಿ ನಮಗೆ ಸಿಗಬಹುದಾಗಿದ್ದ ಪಾತ್ರಗಳು ಸಿಗದೆ ಹೋದವು ಎಂಬ ಸ್ವಾರ್ಥದ ದುಃಖ ಮಾತ್ರ ನಮ್ಮದು.

2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾಯಿತು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟು ಇನ್ನೊಬ್ಬಳ ಮನೆ ಸೇರಿದ್ದಾನೆ. ಪುಟ್ಟಕ್ಕ ಊಟದ ಮೆಸ್ ನಡೆಸಿ ಮೂವರು ಮಕ್ಕಳನ್ನು ಸಾಕುತ್ತಾಳೆ. ಗುಲಾಬಿಯ ಮನೆಗೆ ಟಿ.ವಿ. ತಂದ ನಟಿ ಹದಿಮೂರು ವರ್ಷದ ಮೇಲೆ ತಾವೇ ಟಿ.ವಿ.ಯೊಳಗೆ ಕೂತು ಮನೆಮನೆಗೆ ಬಂದರು. ಧಾರಾವಾಹಿಯಾಗಿ ಅದರಲ್ಲಿ ಎಳೆತ ಬಹಳ. ಒಂದು ಕಷ್ಟ ಮುಗಿಯುವ ಮೊದಲೇ ಇನ್ನೊಂದನ್ನು ತಂದು ನಿಲ್ಲಿಸುವ ಹಳೆಯ ರೋಗ. ಹಿನ್ನೆಲೆ ಸಂಗೀತ ಗುಡುಗುವಾಗಲೂ ಉಮಾಶ್ರೀ ಮುದ್ದೆ ಕಟ್ಟುವ ಕೈಯನ್ನು ನಿಧಾನವಾಗಿ ಆಡಿಸುತ್ತಾರಲ್ಲ, ಅದಕ್ಕಾಗಿ ನೋಡಬಹುದಿತ್ತು. ನಮ್ಮ ಮೊಹಲ್ಲಾಗಳಲ್ಲಿ ಅದನ್ನು ನೋಡಿದವರು ಕಡಿಮೆಯಲ್ಲ. ಶಾಲೆಯಲ್ಲಿ ಉರ್ದು ಓದಿ, ಮನೆಯಲ್ಲಿ ದಖ್ಖನಿ ಆಡಿ, ಕನ್ನಡವನ್ನು ಸಂತೆಗೆ ಮಾತ್ರ ಬಳಸುತ್ತಿದ್ದ ಹೆಂಗಸರು ಇಂಥ ಧಾರಾವಾಹಿಗಳಿಂದ ಕನ್ನಡದಲ್ಲಿ ಬೈಯುವುದನ್ನೂ ಅಳುವುದನ್ನೂ ಕಲಿತರು. ಯಾವ ಪ್ರಾಧಿಕಾರವೂ ಇಷ್ಟು ಕನ್ನಡ ಕಲಿಸಿಲ್ಲ.

ನಮಗೆ ಕಾಡುವ ಪ್ರಶ್ನೆ ಇಲ್ಲಿದೆ. ಮೂಸಾ ಗುಲಾಬಿಯನ್ನು ಬಿಟ್ಟ. ಪುಟ್ಟಕ್ಕನ ಗಂಡ ಪುಟ್ಟಕ್ಕನನ್ನು ಬಿಟ್ಟ. ಒಬ್ಬಳಿಗೆ ಮಕ್ಕಳಿಲ್ಲವೆಂಬುದು ಕೊರತೆ, ಇನ್ನೊಬ್ಬಳಿಗೆ ಗಂಡುಮಕ್ಕಳಿಲ್ಲವೆಂಬುದು ಕೊರತೆ. ಇಬ್ಬರೂ ಎರಡನೆಯವಳನ್ನು ತಂದುಕೊಂಡರು. ಎರಡೂ ಕಡೆ ಬಿಡಿಸಿಕೊಂಡವಳು ಒಬ್ಬಳೇ ನಟಿ, ಅದೇ ಮುಖ, ಅದೇ ಹಣೆಯ ಗೆರೆ. ಆದರೆ ನೋಡುವವರು ಒಂದೇ ರೀತಿ ನೋಡಿದರೆ? ಪುಟ್ಟಕ್ಕನ ಗಂಡನನ್ನು ಊರೆಲ್ಲ ಬೈಯಿತು. ಅವನು ಕೆಟ್ಟವ, ದುರ್ಬಲ, ಅವಳ ಮಾತು ಕೇಳುವವ ಎಂದಿತು. ಅವನ ಧರ್ಮವನ್ನು ಯಾರೂ ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ಮೂಸಾ ಮಾಡಿದ್ದನ್ನು ಮಾತ್ರ ‘ಅವರಲ್ಲಿ ಹಾಗೇ’ ಎಂಬ ಒಂದು ಮಾತಿನಲ್ಲಿ ಮುಗಿಸಿದರು. ಒಬ್ಬ ಗಂಡಸಿನ ತಪ್ಪು ಗಂಡಸಿನದಾಯಿತು, ಇನ್ನೊಬ್ಬ ಗಂಡಸಿನ ತಪ್ಪು ಸಮುದಾಯದ್ದಾಯಿತು.

ಲೆಕ್ಕ ಬೇಕೆನ್ನುವವರಿಗೆ ಅದೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಗೆ ತಮ್ಮನ್ನು ಬಿಟ್ಟು ಬೇರೆ ಹೆಂಡತಿಯೂ ಇದ್ದಾಳೆಂದು ಹೇಳಿದ ಹೆಂಗಸರು ಮುಸ್ಲಿಮರಲ್ಲಿ ಶೇ. 1.9, ಹಿಂದೂಗಳಲ್ಲಿ ಶೇ. 1.3. ಅಂತರ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅರ್ಧ ಪರ್ಸೆಂಟಿಗಿಂತ ಕೊಂಚ ಹೆಚ್ಚಿನ ಈ ಅಂತರದ ಮೇಲೆ ಎಷ್ಟು ಭಾಷಣ, ಎಷ್ಟು ಚುನಾವಣೆ, ಎಷ್ಟು ನಗೆಹನಿ ನಿಂತಿವೆ ಎಂಬುದನ್ನು ಓದುಗರು ಯೋಚಿಸಲಿ. ನಮ್ಮವರೂ ಯೋಚಿಸಲಿ. ‘ಅವರಲ್ಲೂ ಇದೆಯಲ್ಲ’ ಎಂದು ಪುಟ್ಟಕ್ಕನ ಗಂಡನನ್ನು ತೋರಿಸಿ ಮೂಸಾನನ್ನು ಬಚಾವು ಮಾಡುವ ಚಾಳಿ ಮೊಹಲ್ಲಾದ ಗಂಡಸರಲ್ಲಿ ಧಾರಾಳವಾಗಿದೆ. ಈ ಎರಡು ವಾದಗಳ ನಡುವೆ ಗುಲಾಬಿಯ ಊಟಕ್ಕೆ ಯಾರೂ ದಾರಿ ಹೇಳಲಿಲ್ಲ. ಅವಳು ಸೂಲಗಿತ್ತಿಯ ಕೆಲಸದಿಂದ, ಪುಟ್ಟಕ್ಕ ಮುದ್ದೆ ಸಾರಿನಿಂದ ತಮ್ಮ ದಾರಿ ತಾವು ನೋಡಿಕೊಂಡರು.

ಹಾಗೆ ನೋಡಿದರೆ ಕಾಸರವಳ್ಳಿಯವರ ಚಿತ್ರಕ್ಕಿಂತ ಧಾರಾವಾಹಿಗೆ ಒಂದು ಅನುಕೂಲವಿತ್ತು. ಪ್ರಶಸ್ತಿ ಚಿತ್ರಗಳು ತಾಲ್ಲೂಕು ಊರುಗಳ ಟಾಕೀಸಿಗೆ ಬರುವುದು ಅಪರೂಪ. ಗುಲಾಬಿಯನ್ನು ನೋಡಬೇಕಾಗಿದ್ದ ಪಾವಗಡದ ಹೆಂಗಸು ಗುಲಾಬಿಯನ್ನು ನೋಡಲೇ ಇಲ್ಲ. ಪುಟ್ಟಕ್ಕನನ್ನು ದಿನವೂ ನೋಡಿದಳು. ಪುಟ್ಟಕ್ಕನ ಹಣೆಯ ಕುಂಕುಮ ಅವಳಿಗೆ ಅಡ್ಡ ಬರಲಿಲ್ಲ. ಅವಳ ಬಾಳನ್ನೇ ಕಂಡುಕೊಂಡು ಅತ್ತಳು. ಇತ್ತ ಗುಲ್ನಬಿಯಂಥವಳು ಧಾರಾವಾಹಿಯ ಕೇಂದ್ರದಲ್ಲಿ ಕೂತು, ಪಕ್ಕದ ಮನೆಯ ಗೌರಮ್ಮ ಅದನ್ನು ನೋಡಿ ತನ್ನ ಬಾಳೇ ಎಂದು ಅಳುವ ಅವಕಾಶ ಕನ್ನಡದ ವಾಹಿನಿಗಳಲ್ಲಿ ಬಹುಮಟ್ಟಿಗೆ ಬಂದಿಲ್ಲ. ಮುಸ್ಲಿಂ ಮನೆ ಧಾರಾವಾಹಿಯಲ್ಲಿ ಬಂದರೆ ಒಂದೆರಡು ದಿನದ ಅತಿಥಿಯಾಗಿ, ಸೇಮಿಯಾ ಪಾಯಸ ಹಿಡಿದುಕೊಂಡು ಬರುತ್ತದೆ. ಪಾಯಸ ಒಳ್ಳೆಯದೇ. ಆದರೆ ಆ ಮನೆಯಲ್ಲೂ ಅತ್ತೆ ಸೊಸೆ ಜಗಳವಿದೆ, ಆಸ್ತಿ ವ್ಯಾಜ್ಯವಿದೆ, ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗಿ ಇದ್ದಾಳೆ. ಬರೆಯುವವರು ಬೇಕು. ಈ ಮಾತನ್ನು ವಾಹಿನಿಯವರಿಗಿಂತ ಹೆಚ್ಚಾಗಿ ನಮ್ಮ ಓರಗೆಯ ಕಥೆಗಾರರಿಗೆ ಹೇಳುತ್ತಿದ್ದೇವೆ.

ಈಚೆಗೆ ಉಮಾಶ್ರೀ ಮತ್ತೆ ರಂಗಕ್ಕೆ ಮರಳಿದ್ದಾರೆ. ‘ಶರ್ಮಿಷ್ಠೆ’ಯನ್ನು ಏಕವ್ಯಕ್ತಿಯಾಗಿ ಆಡಿದರು. 2025ರ ಜನವರಿಯಲ್ಲಿ ಅರವತ್ತೇಳರ ವಯಸ್ಸಿನಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದವರೊಂದಿಗೆ ಯಕ್ಷಗಾನದ ಗೆಜ್ಜೆ ಕಟ್ಟಿ ಮಂಥರೆಯಾದರು. ವೃತ್ತಿಮೇಳದ ಗಂಡಸರ ಆಟದೊಳಗೆ ಒಬ್ಬ ಹೆಂಗಸು, ಅದೂ ಊರಿನ ಎಲ್ಲ ಕೇಡಿಗೂ ಹೊಣೆಯಾದ ಆ ಗೂನು ಬೆನ್ನಿನ ದಾಸಿಯ ವೇಷದಲ್ಲಿ. ನೇತ್ರು ಕಾಣೆಯಾದಾಗ ಊರು ಗುಲಾಬಿಯನ್ನು ನೋಡಿದ ನೋಟ ನಮಗೆ ಆಗ ನೆನಪಾಯಿತು. ಕರಾವಳಿಯವರು ಕರೆದು ವೇಷ ಕಟ್ಟಿಸಿದರು. ನಮ್ಮ ತುಮಕೂರು ಸೀಮೆಯದು ಮೂಡಲಪಾಯ. ಅದರ ಭಾಗವತರು, ವೇಷಧಾರಿಗಳು ಈಗ ಬೆರಳೆಣಿಕೆಯಷ್ಟು. ನೊಣವಿನಕೆರೆಯ ಮಗಳನ್ನು ಆ ಅಟ್ಟಕ್ಕೆ ಹತ್ತಿಸಿ, ಮಧುಗಿರಿಯ ಬೆಟ್ಟದ ಕೆಳಗೋ ಶಿರಾದ ಕೋಟೆಯ ಬಯಲಲ್ಲೋ ಒಂದು ರಾತ್ರಿ ಆಡಿಸಬೇಕೆಂದು ಜಿಲ್ಲೆಯ ಯಾರಿಗಾದರೂ ಹೊಳೆದರೆ, ಹೆಂಗಸರ ಕಡೆಗೆ ಚಾಪೆ ಸ್ವಲ್ಪ ಹೆಚ್ಚಾಗಿಯೇ ಹಾಸಿರಲಿ. ನಮ್ಮ ಮೊಹಲ್ಲಾದಿಂದ ಬರುವವರು ಬಹಳ ಮಂದಿ ಇದ್ದಾರೆ.